ನಾಯಿಗೆ ಸ್ಥಳವಿಲ್ಲ

ಕಾಡುಗೋಡಿಯಿಂದ ಹೊಸಕೋಟೆಯ ಕಡೆಗೆ ಹೊರಟ ದಾರಿಯಲ್ಲಿ, ನೀಲಗಿರಿ ತೋಪೊಂದರ ಅಂಚಿಗೆ, ಮೂಕಪ್ರಾಣಿಗಳ ಆಶ್ರಯಧಾಮವೊಂದಿದೆ. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಏಕೆಂಬುದನ್ನು ಮುಂದೆ ಓದಿದವರು ತಾವೇ ಊಹಿಸಿಕೊಳ್ಳಬಹುದು. 2025ರ ಡಿಸೆಂಬರಿನ ಒಂದು ಮುಂಜಾನೆ ವಾಯುಸೇವನೆಗೆಂದು ಆ ಕಡೆಗೆ ಹೋದ ನನಗೆ, ಅದರ ಕಬ್ಬಿಣದ ಬಾಗಿಲಿಗೆ ಹೊಸದೊಂದು ತಗಡಿನ ಹಲಗೆಯನ್ನು ತಂತಿಯಿಂದ ಬಿಗಿದಿರುವುದು ಕಾಣಿಸಿತು. ಹಸು, ಕತ್ತೆ, ಬೆಕ್ಕುಗಳ ವಿಭಾಗಗಳು ಎಂದಿನಂತೆ ನಡೆಯುವುವೆಂದೂ, ನಾಯಿಗಳ ವಿಭಾಗವನ್ನು ಮಾತ್ರ ತಿಂಗಳ ಕೊನೆಗೆ ಮುಚ್ಚಲಾಗುವುದೆಂದೂ, ತಮ್ಮ ನಾಯಿಗಳನ್ನು ಅಲ್ಲಿ ಬಿಟ್ಟಿರುವವರು ಬಂದು ಕರೆದೊಯ್ಯಬೇಕೆಂದೂ ಅದರಲ್ಲಿ ಬರೆದಿತ್ತು. ಕೆಳಗೆ, ಕೆಂಪು ಬಣ್ಣದಲ್ಲಿ, ಎರಡೇ ಮಾತು: ನಾಯಿಗೆ ಸ್ಥಳವಿಲ್ಲ.

ನಾನು ಆ ಹಲಗೆಯನ್ನು ಎರಡು ಬಾರಿ ಓದಿದೆ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಹೇಳಿಕೊಟ್ಟವನಿಗೆ ಒಂದು ವಾಕ್ಯವನ್ನು ಎರಡು ಬಾರಿ ಓದಬೇಕಾಗಿ ಬರುವುದು ಅದು ಕ್ಲಿಷ್ಟವಾಗಿದ್ದಾಗ ಮಾತ್ರ. ಇದರಲ್ಲಿ ಕ್ಲಿಷ್ಟತೆ ಏನೂ ಇರಲಿಲ್ಲ. ‘ತಮ್ಮ ನಾಯಿಗಳನ್ನು ಬಿಟ್ಟಿರುವವರು’ ಎಂಬ ಮಾತು ನನ್ನ ಮೇಲೆಯೇ ಬೆರಳಿಟ್ಟು ಹೇಳಿದಂತಿತ್ತು. ಆ ಬಾಗಿಲ ಹಿಂದೆ, ಎಡಗಡೆಯ ಮೂರನೆಯ ಅಂಕಣದಲ್ಲಿ, ನಮ್ಮ ಮನೆಯ ಕೆಂಚ ನಾಲ್ಕು ವರ್ಷದಿಂದ ಮಲಗಿದ್ದ.

ಹಿಂದಿರುಗುವಾಗ ದಾರಿಯ ಚಹದಂಗಡಿಯ ಅಕ್ಕ ಲೋಟವನ್ನು ಕೈಗಿಡುತ್ತಾ, “ಬೋರ್ಡ್ ನೋಡಿದ್ರಾ ಮೇಷ್ಟ್ರೇ? ನಿಮ್ ಕೆಂಚನೂ ಅಲ್ಲೇ ಐತಲ್ವಾ?” ಎಂದಳು. ನಾನು ಚಹ ಬಿಸಿಯಾಗಿದೆಯೆಂಬ ನೆವದಿಂದ ಉತ್ತರ ಕೊಡಲಿಲ್ಲ.

ಈ ಸೀಮೆಯನ್ನು ಅರಿಯದ ವಾಚಕರಿಗೆ ಎರಡು ಮಾತು ಹೇಳಬೇಕು. ವೈಟ್‌ಫೀಲ್ಡ್ ಎಂದೊಡನೆ ಇಂದು ಗಾಜಿನ ಗೋಡೆಯ ಮಹಲುಗಳು ಕಣ್ಣಿಗೆ ಕಟ್ಟುತ್ತವೆ. ಅದರ ಹುಟ್ಟು ಹಾಗಿರಲಿಲ್ಲ. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಜನರ ಸಂಘಕ್ಕೆ ಬೇಸಾಯಕ್ಕೆಂದು ಕೊಟ್ಟ ಸುಮಾರು 3,900 ಎಕರೆ ಭೂಮಿಯಲ್ಲಿ ಎದ್ದ ಒಕ್ಕಲುಗಳ ಊರು ಅದು. ಸುತ್ತಲೂ ಕಾಡುಗೋಡಿ, ಹೂಡಿ, ಇಮ್ಮಡಿಹಳ್ಳಿ, ವರ್ತೂರುಗಳು ರಾಗಿಯ ಹೊಲಗಳ ನಡುವೆ ಇದ್ದುವು. ಪ್ರತಿ ಕಣಕ್ಕೂ ಒಂದು ನಾಯಿ, ಪ್ರತಿ ಹಟ್ಟಿಗೂ ಒಂದು ನಾಯಿ. ಅದಕ್ಕೆ ಒಡೆಯನೆಂಬವನು ಇದ್ದೂ ಇರಲಿಲ್ಲ, ಊರೇ ಒಡೆಯ. ಈಚಿನ ಮೂವತ್ತು ವರ್ಷಗಳಲ್ಲಿ ಹೊಲಗಳು ಬಡಾವಣೆಗಳಾದುವು, ಹಟ್ಟಿಗಳು ಬಾಡಿಗೆಯ ಮನೆಗಳಾದುವು, ಒಕ್ಕಲು ಮಕ್ಕಳು ಟ್ಯಾಕ್ಸಿ ಓಡಿಸಲು ಹೋದರು. ನಾಯಿಗಳು ಮಾತ್ರ ಇದ್ದಲ್ಲೇ ಉಳಿದುವು. ಅವುಗಳಿಗೆ ಭೂಪರಿವರ್ತನೆಯ ನೋಟೀಸು ಯಾರೂ ಕೊಟ್ಟಿರಲಿಲ್ಲವಷ್ಟೆ!

ಇಲೆಕ್ಟ್ರಾನಿಕ್ ಸಿಟಿಯ ಕಥೆಯೂ ಇದೇ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ 1970ರ ದಶಕದ ಕೊನೆಗೆ ಕಿಯೋನಿಕ್ಸ್ ಸಂಸ್ಥೆ ಅದನ್ನು ಎಬ್ಬಿಸಿದಾಗ ಅಲ್ಲಿಯೂ ಕಣ ಕಾಯುವ ನಾಯಿಗಳಿದ್ದುವು. ಪೀಣ್ಯದ ಕಾರ್ಖಾನೆಗಳಲ್ಲಾದರೋ ರಾತ್ರಿ ಪಾಳಿಯ ಕಾವಲುಗಾರನಿಗೆ ಜೊತೆಯೆಂದರೆ ನಾಯಿಯೇ. ಕಟ್ಟಡದ ಕೆಲಸಕ್ಕೆ ರಾಯಚೂರು, ಯಾದಗಿರಿಗಳಿಂದಲೂ ಬಿಹಾರ, ಒಡಿಶಾಗಳಿಂದಲೂ ಬಂದವರ ತಗಡಿನ ಶೆಡ್ಡುಗಳು, ಕ್ಯಾಂಟೀನುಗಳ ಮಿಕ್ಕ ಅನ್ನ, ಕೋಳಿಯಂಗಡಿಗಳ ಕಸ, ಖಾಲಿ ನಿವೇಶನಗಳು—ಇವೆಲ್ಲ ಕೂಡಿದ ಮೇಲೆ ನಾಯಿಯ ಸಂತತಿಗೆ ಬೇರೆ ಏನು ಬೇಕು? 2023ರಲ್ಲಿ ಮಹಾನಗರ ಪಾಲಿಕೆ ನಡೆಸಿದ ಗಣತಿಯಲ್ಲಿ ನಗರದ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷವೆಂದು ಅಂದಾಜಾಯಿತು. 2019ರ 3.10 ಲಕ್ಷಕ್ಕೆ ಹೋಲಿಸಿದರೆ ಇಳಿಕೆಯೇ ಸರಿ. ಆದರೆ ಅಂದಿನ ಎಂಟು ವಲಯಗಳ ಪೈಕಿ ನಮ್ಮ ಮಹದೇವಪುರ ವಲಯದಲ್ಲೇ ಅತಿ ಹೆಚ್ಚಿದ್ದುವು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕಾಗಿದೆ. ಬೀದಿಯ ನಾಯಿಗಳೆಲ್ಲ ಆಶ್ರಯಧಾಮಕ್ಕೆ ಹೋಗಿ ಸೇರುತ್ತವೆಂದೂ, ಅದು ಮುಚ್ಚಿದರೆ ಅವೆಲ್ಲ ಬೀದಿಗೆ ಬಂದು ಬೀಳುತ್ತವೆಂದೂ ಬಹುಮಂದಿ ತಿಳಿದಿದ್ದಾರೆ. ಸಂಗತಿ ಹಾಗಿಲ್ಲ. 2001ರಲ್ಲಿ ಬಂದು 2023ರಲ್ಲಿ ಹೊಸರೂಪ ತಳೆದ ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ ಬೀದಿನಾಯಿಯನ್ನು ಹಿಡಿದು, ಸಂತಾನಹರಣ ಶಸ್ತ್ರಕ್ರಿಯೆ ಮಾಡಿ, ಹುಚ್ಚುನಾಯಿ ರೋಗದ ವಿರುದ್ಧ ಲಸಿಕೆ ಹಾಕಿ, ಗುರುತಿಗಾಗಿ ಕಿವಿಯ ತುದಿಯನ್ನು ಕಚ್ಚು ಕೊಟ್ಟು, ಹಿಡಿದ ಜಾಗದಲ್ಲೇ ತಿರುಗಿ ಬಿಡಬೇಕು. ಮದರಾಸಿನ ಬ್ಲೂ ಕ್ರಾಸ್ ಸಂಸ್ಥೆ 1964ರಲ್ಲಿಯೇ ಈ ದಾರಿಯನ್ನು ಹಿಡಿದಿತ್ತು. ಅದರ ತರ್ಕ ಸರಳ: ಒಂದು ಬೀದಿಯ ನಾಯಿಗಳನ್ನು ಎತ್ತಿ ಒಯ್ದರೆ, ಅಲ್ಲಿ ಅನ್ನ ಉಳಿದಿರುವ ತನಕ, ಪಕ್ಕದ ಬೀದಿಯವು ಬಂದು ಸೇರುತ್ತವೆ, ಹೊಸದಾಗಿ ಬಂದವುಗಳಿಗೆ ಲಸಿಕೆಯೂ ಇಲ್ಲ, ಊರಿನ ಪರಿಚಯವೂ ಇಲ್ಲ. ನೂರಕ್ಕೆ 70 ನಾಯಿಗಳಿಗಾದರೂ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಗಾದರೆ ಆಶ್ರಯಧಾಮದಲ್ಲಿ ಇರುವುವು ಯಾವುವು? ಲಾರಿಗೆ ಸಿಕ್ಕಿ ಹಿಂಗಾಲು ಕಳೆದುಕೊಂಡವು, ಕಣ್ಣಿಲ್ಲದವು, ಕಜ್ಜಿ ಹತ್ತಿ ಮೈ ಕೂದಲೆಲ್ಲ ಉದುರಿದವು. ಇವು ಅರ್ಧ. ಉಳಿದರ್ಧ, ಓದುಗರೇ, ನಮ್ಮ ನಿಮ್ಮಂಥವರ ಮನೆಗಳಿಂದ ಬಂದವು. 2020ರ ಲಾಕ್‌ಡೌನಿನಲ್ಲಿ ಮನೆಯೇ ಕಛೇರಿಯಾದಾಗ ಬೇಸರ ಕಳೆಯಲು ತಂದ ಮರಿಗಳು. ಕಛೇರಿ ಮತ್ತೆ ತೆರೆದಾಗ ಹೊರೆಯಾದುವು. ಹಿಮದ ನಾಡಿನಲ್ಲಿ ಜಾರುಬಂಡಿ ಎಳೆಯಲು ಹುಟ್ಟಿದ ಹಸ್ಕಿ ನಾಯಿಯನ್ನು ಬೇಸಿಗೆಯ ವೈಟ್‌ಫೀಲ್ಡಿನ ಬಾಲ್ಕನಿಯಲ್ಲಿ ಕಟ್ಟುವವರಿದ್ದಾರೆ. ಅದನ್ನು ರಾತ್ರಿ ಕಾರಿನಲ್ಲಿ ತಂದು ಧಾಮದ ಬಾಗಿಲಿಗೆ ಕಟ್ಟಿ, ದೀಪ ಆರಿಸಿಕೊಂಡು ಹೋಗುವವರೂ ಇದ್ದಾರೆ. ನಾನು ಹಗಲಿನಲ್ಲೇ ಹೋಗಿದ್ದೆ, ರಸೀದಿ ಪಡೆದಿದ್ದೆ, ಪ್ರತಿ ತಿಂಗಳೂ ಹಣ ಕಳಿಸುತ್ತಿದ್ದೆ. ಅವರಿಗಿಂತ ನಾನು ಎಷ್ಟು ಮೇಲು ಎಂಬ ಲೆಕ್ಕವನ್ನು ನಾಲ್ಕು ವರ್ಷ ಮನಸ್ಸಿನಲ್ಲಿ ಹಾಕುತ್ತ ಬಂದಿದ್ದೇನೆ. ಉತ್ತರ ಒಮ್ಮೆಯೂ ಹೊಂದಿಕೆಯಾಗಿಲ್ಲ.

ನಡೆದದ್ದು ಇಷ್ಟು. ಹಂಚಿನ ಮನೆಯನ್ನೂ ಹಿತ್ತಿಲನ್ನೂ ಮಾರಿ ನಾವು ಅಪಾರ್ಟ್‌ಮೆಂಟಿನ ಮೂರನೆಯ ಅಂತಸ್ತಿಗೆ ಬಂದೆವು. ನಾಯಿ ಸಾಕಬಾರದೆಂದು ಅಲ್ಲಿನ ನಿವಾಸಿಗಳ ಸಂಘದವರು ಹೇಳಿದರು. ಅಂಥ ನಿಷೇಧ ಹೇರಲು ಸಂಘಗಳಿಗೆ ಅಧಿಕಾರವಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ಸುತ್ತೋಲೆ ಹೊರಡಿಸಿತ್ತು, ನನಗದು ತಿಳಿದಿರಲಿಲ್ಲ. ತಿಳಿದಿದ್ದರೆ ವಾದಿಸುತ್ತಿದ್ದೆನೇ? ಹೊಸ ಮನೆಗೆ ಬಂದ ಮೊದಲ ವಾರವೇ ನೆರೆಯವರೊಡನೆ ಮನಸ್ತಾಪ ಬೇಡವೆಂದು ನನ್ನಾಕೆಗೆ ನಾನೇ ಬುದ್ಧಿ ಹೇಳಿದವನು. ಅವಳು ಮೂರು ದಿನ ಮಾತನಾಡಲಿಲ್ಲ.

ಮೂಕಪ್ರಾಣಿಗೊಂದು ಮನೆ ಕಟ್ಟುವ ಯೋಚನೆ ಹೊಸತಲ್ಲ. 1832ರಲ್ಲಿ ಮುಂಬಯಿಯ ಬ್ರಿಟಿಷ್ ಅಧಿಕಾರಿಗಳು ಬೀದಿನಾಯಿಗಳನ್ನು ಕೊಲ್ಲಿಸಲು ತಲೆಗಿಷ್ಟೆಂದು ಇನಾಮು ಗೊತ್ತುಮಾಡಿದರು. ಇನಾಮಿನ ಆಸೆಗೆ ಪೇದೆಗಳು ಸಾಕುನಾಯಿಗಳನ್ನೂ ಬಿಡಲಿಲ್ಲ. ನಾಯಿಯನ್ನು ಪವಿತ್ರವೆಂದು ನಂಬಿದ ಪಾರ್ಸಿಗಳು ರೊಚ್ಚಿಗೆದ್ದರು. ಹಿಂದೂಗಳೂ ಜೈನರೂ ಜೊತೆಗೂಡಿದರು. ಅಂಗಡಿಗಳು ಮುಚ್ಚಿದುವು, ಕೋಟೆಯೊಳಗಿನ ಸೈನ್ಯಕ್ಕೆ ದಿನಸಿ ಹೋಗುವುದು ನಿಂತಿತು. ಆ ಗಲಭೆಯ ಬೆನ್ನಿಗೇ, 1834ರಲ್ಲಿ, ಜಮ್ಶೆಟ್‌ಜಿ ಜೀಜೀಭಾಯಿ ಮತ್ತು ಮೋತಿಚಂದ್ ಅಮಿಚಂದ್ ಎಂಬ ವರ್ತಕರು ಮುಂಬಯಿಯ ಪಿಂಜರಾಪೋಲನ್ನು ಸ್ಥಾಪಿಸಿದರು. ಲಂಡನ್ನಿನಲ್ಲಿ ಮೇರಿ ಟೀಲ್‌ಬಿ ಎಂಬಾಕೆ ಹಸಿದು ದಿಕ್ಕುಗೆಟ್ಟ ನಾಯಿಗಳಿಗಾಗಿ ಹಾಲೋವೇ ಭಾಗದಲ್ಲಿ ಮನೆ ತೆರೆದದ್ದು 1860ರಲ್ಲಿ. ಅಲ್ಲಿಯ ದೊಡ್ಡ ಪತ್ರಿಕೆ ಆಕೆಯನ್ನು ಗೇಲಿ ಮಾಡಿತು. ಚಾರ್ಲ್ಸ್ ಡಿಕೆನ್ಸನ ವಾರಪತ್ರಿಕೆ ಎರಡು ವರ್ಷದ ಮೇಲೆ ಬೆಂಬಲಿಸಿ ಬರೆಯಿತು. ಬ್ಯಾಟರ್ಸೀಗೆ ವರ್ಗವಾದ ಆ ಮನೆ ಇಂದಿಗೂ ಇದೆ.

ನಮ್ಮ ಬೆಂಗಳೂರಿಗೆ ಈ ಕೆಲಸವನ್ನು ತಂದವರಲ್ಲಿ ಕ್ರಿಸ್ಟಲ್ ರಾಜರ್ಸ್ ಮುಖ್ಯರು. ದೆಹಲಿಯಲ್ಲೊಂದು, ಜಯಪುರದಲ್ಲೊಂದು ಧಾಮವನ್ನು ಕಟ್ಟಿ ನಿಲ್ಲಿಸಿದ ಈ ಆಂಗ್ಲ ಮಹಿಳೆ, ಎಂಬತ್ತು ದಾಟಿದ ಮೇಲೆ ಇಲ್ಲಿಗೆ ಬಂದು 1991ರಲ್ಲಿ ‘ಕೂಪಾ’ ಸಂಸ್ಥೆಗೆ ಅಡಿಗಲ್ಲಿಟ್ಟರು. ಬೇರೆಯವರು ಊರುಗೋಲು ಹುಡುಕುವ ವಯಸ್ಸಿನಲ್ಲಿ ಆಕೆ ಗಾಯಗೊಂಡ ನಾಯಿಗಳನ್ನು ಹುಡುಕುತ್ತಿದ್ದರು. 1996ರಲ್ಲಿ ಇಲ್ಲಿಯೇ ತೀರಿಕೊಂಡರು.

ಆದರೆ ನಾಯಿಯ ಋಣವನ್ನು ತೀರಿಸುವುದನ್ನು ಕನ್ನಡಿಗರು ಪರದೇಶದವರಿಂದ ಕಲಿಯಬೇಕಾಗಿರಲಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿರಿಸಿದ ಆತಕೂರಿನ ಕಲ್ಲನ್ನು ನಾನು ಪ್ರತಿ ವರ್ಷವೂ ಒಂದು ತಂಡ ಹುಡುಗರಿಗೆ ತೋರಿಸುತ್ತಿದ್ದೆ. ಕ್ರಿ.ಶ. 949-50ರ ಕಲ್ಲು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ, ಬೇಕಾದುದನ್ನು ಕೇಳೆಂದ. ಆತ ಊರನ್ನು ಕೇಳಲಿಲ್ಲ, ಪದವಿಯನ್ನು ಕೇಳಲಿಲ್ಲ; ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಮುಂದೆ ದೊಡ್ಡದೊಂದು ಹಂದಿಯೊಡನೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತಿತು. ಮಣಲೆರ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಅದಕ್ಕಾಗಿ ಕಲ್ಲು ನೆಡಿಸಿದ, ಪೂಜೆಗೆಂದು ಭೂಮಿ ಬಿಟ್ಟ. ಆ ಭೂಮಿಯನ್ನು ಉಣ್ಣುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂದು ಶಾಸನ ಎಚ್ಚರಿಸುತ್ತದೆ. ಕಲ್ಲಿನ ಮೇಲುಭಾಗದಲ್ಲಿ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ. ಹುಡುಗರು ಅದನ್ನು ಬೆರಗಿನಿಂದ ನೋಡುತ್ತಿದ್ದರು; ನಾನು ಹಳಗನ್ನಡದ ವಿಭಕ್ತಿ ಪ್ರತ್ಯಯಗಳನ್ನು ವಿವರಿಸುತ್ತಿದ್ದೆ. ಆ ವಿವರಣೆಯಲ್ಲಿ ತಪ್ಪಿರಲಿಲ್ಲವೆಂದು ಈಗಲೂ ನಂಬಿದ್ದೇನೆ.

ಹಲಗೆ ಕಟ್ಟಿದ ಮುಂದಿನ ಭಾನುವಾರ ಮಾರಮ್ಮನ ಗುಡಿಯ ಜಗಲಿಯ ಮೇಲೆ ಜನ ಸೇರಿದರು. ಯಾರು ಕರೆದರೋ ತಿಳಿಯದು. ತಂತ್ರಾಂಶದ ಕಂಪನಿಗಳ ತರುಣ ತರುಣಿಯರು ಹೆಚ್ಚಾಗಿದ್ದರು. ಚಹದಂಗಡಿಯ ಅಕ್ಕ, ಎರಡು ಅಪಾರ್ಟ್‌ಮೆಂಟುಗಳ ಕಾವಲುಗಾರರು, ಆಟೋ ನಿಲ್ದಾಣದ ನಾಲ್ವರು, ಸುಮ್ಮನೆ ನೋಡಬಂದವರು ಹಲವರು. ಧಾಮವನ್ನು ನೋಡಿಕೊಳ್ಳುವ ನಡುವಯಸ್ಸಿನ ಗೃಹಸ್ಥರೂ ಬಂದಿದ್ದರು. ಅವರನ್ನು ಬೈಯುವುದಕ್ಕೆಂದೇ ಸಭೆ ಸೇರಿತ್ತೆಂದರೆ ಸುಳ್ಳಲ್ಲ.

ಬೈಗುಳ ಮುಗಿಯುವ ತನಕ ಅವರು ತಲೆ ತಗ್ಗಿಸಿ ಕೂತಿದ್ದು, ಆಮೇಲೆ ಮಾತನಾಡಿದರು. ಭೂಮಿಯ ಗುತ್ತಿಗೆ ಮುಗಿಯಲು ಒಂದು ವರ್ಷವಿದೆ. ಧಾಮ ಕಟ್ಟಿದಾಗ ಸುತ್ತಲೂ ತೋಪಿತ್ತು. ಈಗ ಮೂರು ಕಡೆಯೂ ಮನೆಗಳು, ರಾತ್ರಿಯ ಬೊಗಳುವಿಕೆಯ ಮೇಲೆ ವಾರಕ್ಕೊಂದು ದೂರು. ಮರಿಗಳಲ್ಲಿ ಎರಡು ಬಾರಿ ಪಾರ್ವೋ ರೋಗ ಹರಡಿ, ನೋಡುನೋಡುತ್ತಲೇ ಹೋದುವು. “ಹತ್ತು ನಾಯಿಯ ಜಾಗದಲ್ಲಿ ನಲವತ್ತು ಇಟ್ಟುಕೊಂಡು ಸಾಕುತ್ತಿದ್ದೇನೆ ಅಂದರೆ ಅದು ದಯೆಯಲ್ಲ ಸ್ವಾಮಿ, ಕ್ರೌರ್ಯ,” ಎಂದರು. ಬೇರೆಯದೊಂದು ಒತ್ತಡವೂ ಇತ್ತು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ದೆಹಲಿಯ ಬೀದಿನಾಯಿಗಳನ್ನೆಲ್ಲ ಧಾಮಗಳಿಗೆ ಸಾಗಿಸಬೇಕೆಂದಿತು. 22ರಂದು ತ್ರಿಸದಸ್ಯ ಪೀಠ ಅದನ್ನು ಸಡಿಲಿಸಿ, ರೋಗವಿಲ್ಲದ, ಮೇಲೆರಗದ ನಾಯಿಗಳನ್ನು ಲಸಿಕೆಯ ಬಳಿಕ ಇದ್ದಲ್ಲಿಗೇ ಬಿಡಬಹುದೆಂದಿತು. ನವೆಂಬರ್ 7ರಂದು ಮತ್ತೆ, ಶಾಲೆ, ಆಸ್ಪತ್ರೆ, ಬಸ್ಸು ಮತ್ತು ರೈಲು ನಿಲ್ದಾಣ, ಕ್ರೀಡಾಂಗಣಗಳಿಂದ ನಾಯಿಗಳನ್ನು ತೆಗೆದು ಧಾಮಗಳಲ್ಲಿರಿಸಬೇಕು, ಅಲ್ಲಿಗೇ ಮರಳಿ ಬಿಡಬಾರದು ಎಂಬ ಆದೇಶ ದೇಶಕ್ಕೆಲ್ಲ ಬಂತು. ಅಂದಿನಿಂದ ಅವರ ಫೋನು ನಿಂತಿರಲಿಲ್ಲ. ಎಲ್ಲರ ಕೇಳಿಕೆಯೂ ಒಂದೇ: ನಮ್ಮವನ್ನು ತೆಗೆದುಕೊಳ್ಳಿ. ಧಾಮಗಳು ಬೇಕೇ ಬೇಕೆಂದು ನ್ಯಾಯಾಲಯ ಹೇಳಿದ ವರ್ಷವೇ ಇದೊಂದು ಧಾಮದ ಬಾಗಿಲು ಮುಚ್ಚುತ್ತಿದ್ದುದು ನನಗೆ ಮೊದಲು ವಿಪರೀತವಾಗಿ ಕಂಡಿತು. ಅವರ ಮಾತು ಕೇಳಿದ ಮೇಲೆ, ಹಾಗಾಗದೆ ಇನ್ನೇನಾದೀತು ಎನ್ನಿಸಿತು.

ಒಬ್ಬ ತರುಣಿ ಎದ್ದು, ಇದು ನಾಗರಿಕತೆಗೇ ಕಳಂಕವೆಂದು ಇಂಗ್ಲಿಷು ಬೆರೆಸಿ ಬಹಳ ಚೆನ್ನಾಗಿ ಮಾತನಾಡಿದಳು. ಚಪ್ಪಾಳೆ ಬಿತ್ತು. ಆಗ ಹಿಂದಿನ ಸಾಲಿನಿಂದ, ಕಟ್ಟಡದ ಕೆಲಸದ ಹೆಂಗಸೊಬ್ಬಳು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಿಂತವಳು, ಯಾರೂ ಕೇಳದೆಯೇ ಹೇಳಿದಳು: “ನಮ್ಮ ಹುಡುಗನ ಕಾಲಿಗೆ ಕಚ್ಚಿದಾಗ ನಾಲ್ಕು ಸಲ ಸೂಜಿ ಹಾಕಿಸೇವ್ರಿ. ಸಲಕ್ಕೊಂದು ದಿನದ ಪಗಾರ ಹೋತು. ಅವತ್ತು ಯಾರೂ ಮೀಟಿಂಗ್ ಕರೀಲಿಲ್ಲ.”

ಜಗಲಿಯ ಮೇಲೆ ಒಂದು ನಿಮಿಷ ಯಾರೂ ಉಸಿರೆತ್ತಲಿಲ್ಲ. ನನಗೆ 2007ರ ನೆನಪಾಯಿತು. ಆ ವರ್ಷದ ಆರಂಭದಲ್ಲಿ ನಗರದಲ್ಲಿ ಎರಡು ಮಕ್ಕಳು ಬೀದಿನಾಯಿಗಳಿಗೆ ಬಲಿಯಾದವು, ಕೂಲಿಯವರ ಮಕ್ಕಳು. ಜನರ ರೋಷಕ್ಕೆ ಬೆದರಿ ನಾಯಿಗಳನ್ನು ಹಿಡಿಹಿಡಿದು ಕೊಂದರು. ಅದನ್ನು ಖಂಡಿಸಿ ಪ್ರಾಣಿದಯೆಯವರು ಬೀದಿಗಿಳಿದರು. ಮಕ್ಕಳ ಪರವಾಗಿ ಕೂಗುವವರು, ನಾಯಿಗಳ ಪರವಾಗಿ ಕೂಗುವವರು ಎಂದು ಅಂದು ಊರು ಎರಡಾದದ್ದು ಇನ್ನೂ ಒಂದಾಗಿಲ್ಲ. ಆದರೆ ಹಾಗೆ ಎರಡು ಪಂಗಡ ಮಾಡುವುದೇ ಮೋಸವೆಂದು ನನ್ನ ಅಭಿಪ್ರಾಯ. ಬಾಗಿಲಿಗೆ ಕಾವಲುಗಾರನಿರುವ ಮನೆಯ ಮಗುವಿಗೂ, ಬಾಗಿಲೇ ಇಲ್ಲದ ಶೆಡ್ಡಿನ ಮಗುವಿಗೂ ನಾಯಿ ಒಂದೇ ಅಲ್ಲ. ಶೆಡ್ಡಿನ ಬಳಿಯ ಕಸವನ್ನು ದಿನವೂ ಎತ್ತಿಸುವುದು, ಅಲ್ಲಿನ ನಾಯಿಗಳಿಗೆ ಮೊದಲು ಲಸಿಕೆ ಹಾಕಿಸುವುದು—ಇದಕ್ಕೆ ಕೋರ್ಟಿನ ಆದೇಶ ಬೇಕಾಗಿರಲಿಲ್ಲ, ಬೊಗಳುವವುಗಳ ಮೇಲಿನ ಪ್ರೀತಿಯೂ ಬೇಕಾಗಿರಲಿಲ್ಲ.

ಆಶ್ಚರ್ಯವೆಂದರೆ, ಭಾಷಣ ಮಾಡಿದ ತರುಣಿಯೇ ಎದ್ದು ಆ ಹೆಂಗಸಿನ ಪಕ್ಕಕ್ಕೆ ಹೋಗಿ ಕೂತಳು. ಏನು ಮಾತನಾಡಿದರೋ ನನಗೆ ಕೇಳಿಸಲಿಲ್ಲ. ಮರುದಿನದಿಂದ ಅವಳೂ ಅವಳ ಗೆಳೆಯರಿಬ್ಬರೂ ಶೆಡ್ಡುಗಳ ಸುತ್ತಲಿನ ನಾಯಿಗಳ ಪಟ್ಟಿ ಮಾಡತೊಡಗಿದರು; ಕಿವಿಗೆ ಕಚ್ಚು ಇಲ್ಲದವು ಯಾವುವೆಂದು ಗುರುತು ಹಾಕಿಕೊಂಡು ಪಾಲಿಕೆಯ ಪಶುವೈದ್ಯರ ಕಛೇರಿಗೆ ನಡೆದರು. ಮೂರನೆಯ ಸಲಕ್ಕೆ ವ್ಯಾನು ಬಂತು.

ಧಾಮದ ನಲವತ್ತರ ಹಂಚಿಕೆ ಇಷ್ಟು ಸರಾಗವಾಗಲಿಲ್ಲ. ಜಾತಿಯ ನಾಯಿಗಳಿಗೆ ಮನೆಗಳು ಬೇಗ ಸಿಕ್ಕಿದುವು. ಹಸ್ಕಿಗೆ ನಾಲ್ಕು ಜನ ಪೈಪೋಟಿ. ಕುರುಡು ಹೆಣ್ಣುನಾಯಿಯನ್ನು ಕೇಳಿದವರಿಲ್ಲ. ಕಡೆಗೆ ಚಹದಂಗಡಿಯ ಅಕ್ಕ, “ನನ್ನ ಅಂಗಡಿ ಬಿಟ್ಟು ಎಲ್ಲಿಗೋದೀತು ಪಾಪ, ಇರ್ಲಿ ಬಿಡಿ,” ಎಂದು ಬೆಂಚಿನ ಕೆಳಗೆ ಗೋಣಿ ಹಾಸಿದಳು. ಪೀಣ್ಯದಲ್ಲಿ ಲೇತ್ ಯಂತ್ರದ ಸಣ್ಣ ಕಾರ್ಖಾನೆ ನಡೆಸುವ ನನ್ನ ತಂಗಿಯ ಮಗ ರಾತ್ರಿ ಕಾವಲಿಗೆಂದು ಎರಡನ್ನು ಒಯ್ದ. ಇನ್ನೂ ಹನ್ನೆರಡು ಉಳಿದುವು. ಅವನ್ನು ಬೇರೆ ಬೇರೆ ಧಾಮಗಳಿಗೆ ಒಂದೊಂದಾಗಿ ಸೇರಿಸಲು ಆ ಗೃಹಸ್ಥರು ಈಗಲೂ ಓಡಾಡುತ್ತಿದ್ದಾರೆ. ಅವರ ಕಣ್ಣು ತಪ್ಪಿಸಿ ನಡೆಯುತ್ತಿದ್ದ ಕೆಲವರು ಈಗ ಅವರೊಡನೆ ಮಾತನಾಡುತ್ತಾರೆ.

ನಾನು ಹೋದದ್ದು ತಿಂಗಳ ಕೊನೆಯ ಹಿಂದಿನ ದಿನ. ಅಷ್ಟು ತಡವೇಕೆಂದು ಕೇಳಬೇಡಿ. ಸಂಘದ ಕಾರ್ಯದರ್ಶಿಗೆ 2015ರ ಸುತ್ತೋಲೆಯ ಪ್ರತಿಯನ್ನು ಕೊಟ್ಟು ಬಂದಿದ್ದೆ. ಆತ ಅದನ್ನು ಓದದೆಯೇ, “ನೀವು ದೊಡ್ಡವರು ಸಾರ್, ನಿಮಗೆ ನಾನೇನು ಹೇಳಲಿ,” ಎಂದ. ಇಷ್ಟು ಸುಲಭವಿತ್ತೇ ಎಂದು ನನಗೆ ನಾಚಿಕೆಯಾಯಿತು.

ಕೆಂಚನ ಮೂತಿ ಬೆಳ್ಳಗಾಗಿತ್ತು. ಹನ್ನೊಂದು ವರ್ಷವೆಂದರೆ ನಾಯಿಗೆ ಮುಪ್ಪೇ. ಅವನು ಓಡಿ ಬಂದು ಮೈಮೇಲೆ ಹಾರಿದನೆಂದು ಬರೆಯಲು ಆಸೆಯೇನೋ ಇದೆ, ಹಾಗೇನೂ ಆಗಲಿಲ್ಲ. ಎದ್ದ, ಮೂಸಿದ, ನನ್ನ ಚಪ್ಪಲಿಯ ಬಳಿ ಮತ್ತೆ ಕೂತ. ನನ್ನಾಕೆ ಮುಂದೆ ಬಂದು ಹೆಸರು ಹಿಡಿದು ಕರೆದಾಗ ಮಾತ್ರ ಅವನ ಬಾಲ ನೆಲದ ಮೇಲೆ ಎರಡು ಸಲ ಬಡಿಯಿತು.

ಆಟೋದವನು ಹಗ್ಗವನ್ನು ನೋಡಿ, “ನಾಯೀನಾ? ಇಪ್ಪತ್ತು ರೂಪಾಯಿ ಜಾಸ್ತಿ ಆಯ್ತದೆ ಸಾರ್,” ಎಂದ. ಒಪ್ಪಿದೆ. ಅಪಾರ್ಟ್‌ಮೆಂಟಿನ ಲಿಫ್ಟಿನ ಬಾಗಿಲು ತಾನಾಗಿ ಸರಿದದ್ದನ್ನು ಕಂಡು ಕೆಂಚ ಹೆದರಿ ಕಾಲೂರಿ ನಿಂತ. ಎಷ್ಟು ಎಳೆದರೂ ಒಳಗೆ ಬರಲೊಲ್ಲ. ಕೊನೆಗೆ ಮೂವರೂ ಮೆಟ್ಟಿಲು ಹತ್ತಿದೆವು, ಅಂತಸ್ತಿಗೊಂದು ಸಲ ಕೂತು ಸುಧಾರಿಸಿಕೊಳ್ಳುತ್ತ. ಎರಡನೆಯ ಅಂತಸ್ತಿನಲ್ಲಿ ಪಕ್ಕದ ಮನೆಯ ಹುಡುಗ ಬಾಗಿಲು ತೆರೆದು, “ತಾತಾ, ಇದು ಕಚ್ಚುತ್ತಾ?” ಎಂದು ಕೇಳಿದ. ಗೊತ್ತಿಲ್ಲಪ್ಪ, ನಾಲ್ಕು ವರ್ಷವಾಯಿತು, ಎಂದೆ.